ಅಮ್ಮನ ಹೆಸರಿನ ಹುಡುಗಿ

ಹನೋಯಿ,
ಹನ್ನೊಂದನೆಯ ತಿಂಗಳು, ಹುಣ್ಣಿಮೆಯ ಮಾರನೆಯ ದಿನ

ಮಿಯೆನ್,

ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಸೇರಿಸಲು ಹೋದೆ, ಕೈ ಏಳಲಿಲ್ಲ. ಇಷ್ಟು ವರ್ಷಗಳ ಮೇಲೆ ಅಕ್ಕನ ಕಾಗದವಾದರೂ ಬಂತಲ್ಲ, ಸದ್ಯಕ್ಕೆ ಅಷ್ಟರಲ್ಲೇ ಸಮಾಧಾನ ಪಟ್ಟುಕೋ. ನಿನ್ನ ಮಗಳು ಬಂದಿದ್ದಾಳೆ. ಅಮ್ಮನ ತಿಥಿಗೆ ನೀನು ಮನೆಗೆ ಬರಬಹುದೇ ಎಂದು ಕೇಳಿಸಲು ಕಳಿಸಿದ್ದೀಯಂತೆ. ನಿನಗೆ ಬಾಯಿ ಬಿಟ್ಟು ಕೇಳುವ ಧೈರ್ಯವಿಲ್ಲ, ಅದಕ್ಕೆ ಪ್ರಾಗಿನಲ್ಲಿ ಬೆಚ್ಚಗೆ ಕುಳಿತು ಕೂಸನ್ನು ಮುಂದೆ ಬಿಟ್ಟಿದ್ದೀಯ. ಉತ್ತರ ಕೊನೆಗೆ ಬರೆಯುತ್ತೇನೆ. ಮೊದಲು ನಿನ್ನ ಮಗಳ ಪ್ರತಾಪ ಕೇಳು.

ನಮ್ಮ ಬೀದಿ ಈಗ ನೀನು ಬಿಟ್ಟುಹೋದ ಬೀದಿಯಲ್ಲ. ತಗಡು ಬಡಿಯುತ್ತಿದ್ದವರೆಲ್ಲ ಮನೆಗಳನ್ನು ಬೆನ್ನುಚೀಲದವರಿಗೆ ಬಾಡಿಗೆಗೆ ಕೊಟ್ಟು ಕೈಕಟ್ಟಿ ಕುಳಿತಿದ್ದಾರೆ. ಬಸವನಹುಳುವಿನ ಹಾಗೆ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡು ಬರುವ ಜನ. ಒಂದೊಂದು ಕೋಣೆಯಲ್ಲಿ ಎಂಟೆಂಟು ಮಂದಿ, ಮಂಚದ ಮೇಲೆ ಮಂಚ. ಪಡಿತರದ ಕಾಲದಲ್ಲಿ ನಾವು ಗತಿಯಿಲ್ಲದೆ ಹೇಗೆ ಬದುಕಿದ್ದೆವೋ ಹಾಗೆ ನಾಲ್ಕು ದಿನ ಇರಲು ಇವರು ವಿಮಾನ ಹತ್ತಿ ಬರುತ್ತಾರೆ! ಹರಿದ ಚಡ್ಡಿಯಲ್ಲಿ ತಿರುಗುತ್ತಾರೆ, ಕಂಬದ ಮೇಲಿನ ತಂತಿಗಳ ಗಂಟಿಗೆ ಫೋಟೊ ಹೊಡೆಯುತ್ತಾರೆ, ನಾನು ಪಾತ್ರೆ ತೊಳೆಯುವುದನ್ನೂ ಬಿಡುವುದಿಲ್ಲ. ಇವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಅಂಥದ್ದೇ ಒಂದು ಪ್ರಾಣಿ ಒಂದು ದಿನ ಬೆಳ್ಳಂಬೆಳಗ್ಗೆ ನನ್ನ ಪಾಯಸದ ಅಂಗಡಿಯ ಮುಂದೆ ಬಂದು ನಿಂತಿತು. ಇನ್ನೂ ಬೋಣಿ ಆಗಿರಲಿಲ್ಲ. ಬಾಗಿಲಿನಷ್ಟು ಎತ್ತರ, ಆನೆ ಚಿತ್ರದ ಪಾಯಿಜಾಮ, ತಲೆಯ ಮೇಲೆ ನಾಟಿಗೆ ಹೊರಟವಳ ಹಾಗೆ ತಾಳೆಗರಿಯ ಟೋಪಿ, ಕೈಯಲ್ಲಿ ನಮ್ಮ ಭಾಷೆ ಕಲಿಸುವ ಪುಟ್ಟ ಪುಸ್ತಕ. ಅವಳು ಯಾರೆಂದು ನನಗೆ ಆಗ ಗೊತ್ತಿರಲಿಲ್ಲ.

ನನ್ನ ಪಾಯಸದ ಬೀಜ ಯಾವ ಹೂವಿನದೆಂದು ನಿನಗೆ ಗೊತ್ತು. ಆ ಹೂವಿನ ಹೆಸರೇ ಅಮ್ಮನ ಹೆಸರು. ಹೆತ್ತವಳ ಹೆಸರನ್ನು ನಾಲಿಗೆಯ ಮೇಲೆ ತರಬಾರದೆಂದು ನಾವಿಬ್ಬರೂ ಮಾತು ಕಲಿತಂದಿನಿಂದ ಅದನ್ನು ‘ಕೊಳದ ಹೂವು’ ಎಂದೇ ಕರೆದವರು. ಅಂಗಡಿಯ ಹಲಗೆಯ ಮೇಲೂ ‘ಬಿಳಿ ಬೀಜದ ಪಾಯಸ’ ಎಂದೇ ಬರೆಸಿದ್ದೇನೆ, ಬೀದಿಯವರೆಲ್ಲ ಹಾಗೆಯೇ ಕೇಳುತ್ತಾರೆ. ಅಂಥ ಅಂಗಡಿಯ ಮುಂದೆ ನಿಂತು ಈ ಹುಡುಗಿ ಪುಸ್ತಕ ನೋಡಿಕೊಂಡು ಅಮ್ಮನ ಹೆಸರನ್ನು ಗಟ್ಟಿಯಾಗಿ ಓದಿ, “ಇದ್ಯಾ ತಂಗಿ? ಅರ್ಧ ಬೆಲೆಗೆ ಕೊಡ್ತೀಯಾ?” ಎಂದಳು. ಅರವತ್ತು ದಾಟಿದ ನಾನು ಅವಳಿಗೆ ತಂಗಿ. ಸತ್ತ ಅಮ್ಮ ಅವಳಿಗೆ ಅರ್ಧ ಬೆಲೆಗೆ ಬೇಕು.

ನಾನು ದುರುಗುಟ್ಟಿ ನೋಡಿದೆ. ಅವಳು ನಕ್ಕು, ಏನೂ ಕೊಳ್ಳದೆ ತಿರುಗಿ ಹೊರಟಳು. ಬೋಣಿಗೆ ಬಂದವರು ಚೌಕಾಸಿ ಮಾಡಿ ಬರಿಗೈಯಲ್ಲಿ ಹೋದರೆ ಆ ದಿನದ ವ್ಯಾಪಾರದ ಗತಿ ಏನು? ಒಂದು ಕಾಗದಕ್ಕೆ ಬೆಂಕಿ ಹಚ್ಚಿ ಅವಳ ಹಿಮ್ಮಡಿಯ ಹಿಂದೆ ಆಡಿಸಿದೆ, ಪೀಡೆ ತೊಲಗಲಿ ಎಂದು ಬಾಯ್ತುಂಬ ಬೈದೆ. ಎದುರು ಗೋಡೆಗೆ ಕನ್ನಡಿ ನೇತುಹಾಕಿಕೊಂಡು ಕ್ಷೌರ ಮಾಡುವ ಲುವಾನ್, “ಅಕ್ಕಾ, ಇನ್ನೆರಡು ಕಾಗದ ಹಚ್ಚು! ಆಸಾಮಿ ಉದ್ದ ಐತೆ, ತಲೆವರೆಗೂ ಹೊಗೆ ಹೋಗ್ಬೇಕಲ್ಲ!” ಎಂದು ಕೂಗಿದ. ಬೀದಿಯೆಲ್ಲ ನಕ್ಕಿತು. ಹುಡುಗಿ ಇದನ್ನು ಆರತಿ ಎಂದುಕೊಂಡಳು ನೋಡು! ತಿರುಗಿ ನಿಂತು, ಎರಡೂ ಕೈ ಮುಗಿದು, ಬಗ್ಗಿ, ಫೋಟೊ ಹೊಡೆದುಕೊಂಡಳು. ಆ ಫೋಟೊ ನಿನಗೂ ಬಂದಿರುತ್ತದೆ. ದೊಡ್ಡಮ್ಮ ನಿನ್ನನ್ನು ಹರಸುತ್ತಿದ್ದಾಳೆ ಎಂದು ಮಗಳಿಗೆ ಹೇಳಿದೆಯಾ, ಮಹಾತಾಯಿ?

ಆಮೇಲೆ ದಿನವೂ ಬರತೊಡಗಿದಳು. ಪುಟ್ಟ ಸ್ಟೂಲಿನ ಮೇಲೆ ಮೊಣಕಾಲು ಕಿವಿಗೆ ತಾಗುವಂತೆ ಕುಳಿತು ಪಾಯಸ ತಿನ್ನುವುದು, ನನ್ನ ಮುಖ ನೋಡುವುದು. ಬೀದಿಯವರಿಗೆ ಅವಳು ಹಬ್ಬವಾದಳು. ಹಣ್ಣಿನವಳು ಬುಟ್ಟಿ ತೂಗುಹಾಕಿದ ಅಡ್ಡೆಯನ್ನು ಅವಳ ಹೆಗಲಿಗೇರಿಸಿ ಫೋಟೊ ತೆಗೆಸಿ ದುಡ್ಡು ಕಿತ್ತಳು. ಚಪ್ಪಲಿ ರಿಪೇರಿಯವನು ಕೇಳದೆಯೇ ಒಂದು ಚಪ್ಪಲಿಗೆ ಅಂಟು ಬಳಿದರೆ, ಇವಳು ಥ್ಯಾಂಕ್ಸ್ ಹೇಳಿ ಇನ್ನೊಂದು ಕಾಲನ್ನೂ ಚಾಚಿದಳು. ಇಂಥ ಪೆದ್ದನ್ನು ಹೇಗೆ ಬೆಳೆಸಿದೆಯೋ! ರಸ್ತೆ ದಾಟುವುದಂತೂ ಕೇಳಲೇಬೇಡ. ಅಂಚಿನಲ್ಲಿ ಒಂದು ಕಾಲು ಇಡುವುದು, ಸ್ಕೂಟರು ಕಂಡರೆ ಹಿಂದೆ ತೆಗೆಯುವುದು. “ಅಲ್ಲೇ ಬೇರು ಬಿಡ್ತಾಳೆ, ನೀರು ಹಾಕಣ” ಎಂದ ಲುವಾನ್. ಕೊನೆಗೆ ನೋಡಲಾರದೆ ನಾನೇ ಗದರಿದೆ. “ನಿಲ್ಬೇಡ, ಓಡ್ಬೇಡ, ತಿರುಗ್ಬೇಡ. ಸುಮ್ನೆ ನಡಿ. ಅವ್ರೇ ಸುತ್ಕೊಂಡು ಹೋಗ್ತಾರೆ.” ಬಸ್ಸು ಮಾತ್ರ ಯಾರನ್ನೂ ಸುತ್ತಿಕೊಂಡು ಹೋಗುವುದಿಲ್ಲ ಎಂಬುದನ್ನು ಹೇಳಲು ಮರೆತೆ.

ನಿನ್ನೆ ಬೆಳಗ್ಗೆ ಪಾಯಸ ತಿಂದು ಬಟ್ಟಲನ್ನು ತಾನೇ ತೊಳೆದಿಟ್ಟಳು. ಬಂದು ನನ್ನ ಮುಂದೆ ನಿಂತು, ಪುಸ್ತಕ ನೋಡದೆ, “ದೊಡ್ಡಮ್ಮಾ” ಎಂದಳು. ಅಷ್ಟು ದಿನ ತಂಗಿ ಎಂದವಳ ಬಾಯಲ್ಲಿ ಆ ಮಾತು ಸರಿಯಾಗಿ ಬಂತು. “ನಾನು ಮಿಯೆನ್ ಮಗಳು. ಅಮ್ಮ ಹೇಳಿದ್ರು, ಮೊದ್ಲು ಹೇಳ್ಬೇಡ, ದೊಡ್ಡಮ್ಮಂಗೆ ಇನ್ನೂ ಕೋಪ ಇದ್ಯಾ ನೋಡು ಅಂತ.” ಆಮೇಲೆ ತನ್ನ ಹೆಸರು ಹೇಳಿದಳು.

ಕೋಪ ಇದೆಯಾ! ಅಮ್ಮನ ಮಣ್ಣಿಗೆ ನೀನು ಬರಲಿಲ್ಲ. ರಜೆ ಸಿಗಲಿಲ್ಲ, ಕಾಗದಪತ್ರ ಸರಿಯಿರಲಿಲ್ಲ ಎಂದೆ. ಕಾರ್ಖಾನೆಯವರ ಕೈಕೆಳಗಿದ್ದವಳು, ಹೋಗಲಿ ಎಂದುಕೊಂಡೆ. ಆದರೆ ಮಗು ಹುಟ್ಟಿತು, ಅಮ್ಮನ ಹೆಸರನ್ನೇ ಇಟ್ಟಿದ್ದೇನೆ ಎಂದು ಸಂಭ್ರಮದಿಂದ ಬರೆದೆಯಲ್ಲ, ಅದನ್ನು ಮಾತ್ರ ಕ್ಷಮಿಸಲಾಗಲಿಲ್ಲ. ನಿನ್ನ ಗಂಡನ ಕಡೆಯವರು ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟು ಮೆರೆಯಬಹುದು. ನಾವು ಇಡುವುದಿಲ್ಲ. ಮಗು ಹಾಲು ಚೆಲ್ಲಿದರೆ ಬೈಯುವುದು ಯಾರನ್ನು? ಉಚ್ಚೆ ಹೊಯ್ದರೆ ಅಂಡಿಗೆ ಹೊಡೆಯುವುದು ಯಾರ ಹೆಸರು ಹಿಡಿದು? ಅಂದಿನಿಂದ ನಿನಗೆ ಬರೆಯುವುದನ್ನು ಬಿಟ್ಟೆ. ಇದನ್ನೆಲ್ಲ ಹುಡುಗಿಗೆ ಮುಖದ ಮೇಲೆ ಹೊಡೆದ ಹಾಗೆ ಹೇಳಿದೆ.

ಅವಳು ಮೂರು ವರ್ಷದ ಮಗುವಿನ ಭಾಷೆಯಲ್ಲಿ ತಡವರಿಸಿ ಹೇಳಿದಳು. “ಅಮ್ಮ ಆ ಹೆಸ್ರಲ್ಲಿ ಬೈಯಲ್ಲ. ಯಾವತ್ತೂ ಬೈಯಲ್ಲ. ಸಿಟ್ಟು ಬಂದ್ರೆ ಹಾನಾ ಅಂತಾರೆ, ಅದು ಸ್ಕೂಲ್ ಹೆಸ್ರು. ಮುದ್ದು ಬಂದ್ರೆ ಮಾತ್ರ ಅಜ್ಜಿ ಹೆಸ್ರು. ದೀಪ ಆರಿಸಿ ಮಲಗಿಸೋವಾಗ.” ಇದೇನು ದೊಡ್ಡ ಭಕ್ತಿಯೋ ನಾನು ಕಾಣೆ. ಅಷ್ಟು ಹೊತ್ತಿಗೆ ನನ್ನ ಕಣ್ಣಿಗೆ ಒಲೆಯ ಹೊಗೆ ಹೋಗಿತ್ತು. “ತಿಥಿಗೆ ಅಮ್ಮ ಬರಬಹುದಾ?” ಎಂದಳು. “ಎದ್ದು ಹೋಗು” ಎಂದೆ.

ಹೋದಳು. ಅಳುತ್ತ ನೇರ ರಸ್ತೆಗಿಳಿದಳು, ಇಷ್ಟು ದಿನ ಹೆದರಿ ಸತ್ತವಳು ಈಗ ಎಡಬಲ ನೋಡಲಿಲ್ಲ. ನಡುರಸ್ತೆಯಲ್ಲಿ ಆ ಅಂಟು ಹಾಕಿದ ಚಪ್ಪಲಿ ಕಿತ್ತು ಹಿಂದೆ ಉಳಿಯಿತು. ಎತ್ತಿಕೊಳ್ಳಲು ತಿರುಗಿದಳು. ಆ ಕಡೆಯಿಂದ ಬಸ್ಸು ಬರುತ್ತಿತ್ತು. ಲುವಾನ್ ಅವಳ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದ. ಹುಡುಗಿ ಇದ್ದಲ್ಲೇ ನಿಂತಳು. ಬಸ್ಸು ಚಪ್ಪಲಿಯ ಮೇಲೆ ಹಾದುಹೋಯಿತು. ಅಷ್ಟೇ ನಡೆದದ್ದು.

ಈಗ ಮೇಲಿನ ಕೋಣೆಯಲ್ಲಿ ಮಲಗಿದ್ದಾಳೆ, ಕಾಲು ಮಂಚದಿಂದ ಆಚೆ ಚಾಚಿವೆ. ನಾನೇನೂ ಉಪಚಾರ ಮಾಡಿ ಕರೆದಿಲ್ಲ. ಬೆನ್ನುಚೀಲದವರ ಆ ಕೊಟ್ಟಿಗೆಯಂಥ ಜಾಗದಲ್ಲಿ ನಮ್ಮ ಮನೆಯ ಹುಡುಗಿ ಬಿದ್ದುಕೊಂಡಿದ್ದರೆ ನನ್ನ ಮಾನ ಹೋಗುತ್ತದೆಂದು ಚೀಲ ತರಿಸಿದೆ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಅಮ್ಮನ ಪಟದ ಮುಂದೆ ಅಮ್ಮನ ಹೆಸರು ಹಿಡಿದು ಒಬ್ಬ ಹುಡುಗಿಯನ್ನು ಕರೆಯುವುದು ನಾನು ಬದುಕಿರುವವರೆಗೆ ಈ ಮನೆಯಲ್ಲಿ ನಡೆಯುವುದಿಲ್ಲ. ಅವಳಿಗೆ ಬೇರೆ ಹೆಸರಿಡು. ಇಟ್ಟರೆ ತಿಥಿಗೆ ಬಾ. ಇಲ್ಲವಾದರೆ ಅಲ್ಲೇ ಇರು.

ನಿನ್ನ ಅಕ್ಕ,
ಥೋವಾ

ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿ ಬರೆದದ್ದು: ಹುಡುಗಿ ಎದ್ದ ಕೂಡಲೇ ನಿನಗೆ ಫೋನು ಮಾಡಿ ಎಲ್ಲ ಒದರುತ್ತಾಳೆ, ಅದಕ್ಕೆ ಮೊದಲು ನಾನೇ ಹೇಳಿಬಿಡುತ್ತೇನೆ. ಕೂಗಿದ್ದು ಲುವಾನ್ ಅಲ್ಲ. ಅವನು ಯಾರದೋ ಗದ್ದಕ್ಕೆ ಸೋಪು ಹಚ್ಚುತ್ತಿದ್ದ. ಕೂಗಿದವಳು ನಾನು. “ಸೆನ್!” ಎಂದು ಬೀದಿಯೆಲ್ಲ ಕೇಳುವಂತೆ ಕೂಗಿದೆ. ಹುಟ್ಟಿದಾಗಿನಿಂದ ಬಾಯಿಗೆ ಬಾರದ ಹೆಸರು, ಆ ಗಳಿಗೆಯಲ್ಲಿ ಅದೊಂದೇ ಬಂತು. ಆಕಾಶ ಬೀಳಲಿಲ್ಲ. ಅಮ್ಮನ ಹೆಸರು ಹಿಡಿದು ಕೂಗಿದೆ ಮಿಯೆನ್, “ಹಾಂ” ಎಂದು ಕೂಸು ಓಗೊಟ್ಟಿತು. ಎಷ್ಟು ವರ್ಷವಾಗಿತ್ತೋ ಆ ಹೆಸರಿಗೆ ಯಾರಾದರೂ ಓಗೊಟ್ಟು. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಲುವಾನ್ ಸಾಕ್ಷಿಯಿದ್ದಾನೆ, ಸುಳ್ಳು ಹೇಳಿ ಫಲವಿಲ್ಲ.

ಹೆಸರು ಬದಲಾಯಿಸಬೇಡ. ತಿಥಿಗೆ ಬಾ. ರಸ್ತೆ ದಾಟುವುದನ್ನು ನೀನೂ ಮರೆತಿರುತ್ತೀಯ, ಎದುರು ಬದಿಯಲ್ಲೇ ನಿಂತಿರು, ನಾನೇ ಬಂದು ಕೈ ಹಿಡಿದು ಕರೆದುಕೊಂಡು ಬರುತ್ತೇನೆ. ನಿನ್ನನ್ನೂ ಹಾಗೆ ಕೂಗಲು ನನ್ನ ಗಂಟಲಲ್ಲಿ ಈಗ ಶಕ್ತಿಯಿಲ್ಲ.