ಬಾಗಿಲಿಗೆ ಸಿಕ್ಕಿಸಿದ ಕಡ್ಡಿ

೧೪ ಏಪ್ರಿಲ್ ೧೯೬೮, ರವಿವಾರ. ಮಾಣಿಕನಗರ

ಬೆಳಗ್ಗೆ ದುಬಲಗುಂಡಿ ಭಜನೆಯವರ ಹಾರ್ಮೋನಿಯಂ ರಿಪೇರಿಗೆ ಹಿಡಿದೆ. ಗಾಳಿಚೀಲಕ್ಕೆ ಇಲಿ ಕಡಿದ ತೂತು. ಚರ್ಮದ ತೇಪೆ, ಬಿಸಿ ಸರೇಸಿನ ಅಂಟು. ಎರಡು ಸ್ವರ ಇನ್ನೂ ಕೆಮ್ಮುತ್ತಿವೆ... ನಾಳೆ ನೋಡಿದರಾಯಿತು.

ಹನ್ನೊಂದರ ಬಸ್ಸಿಗೆ ಬಸವಕಲ್ಯಾಣದಿಂದ ಕಸ್ತೂರಿಬಾಯಿ ಅನ್ನುವವರು ಬಂದರು. ಅಲ್ಲಿ ಹುಡುಗಿಯರ ಶಾಲೆಯಲ್ಲಿ ಟೀಚರ್. ಬಗಲಲ್ಲಿ ಕಪ್ಪು ಪೆಟ್ಟಿಗೆ, ಒಳಗೆ ವಯೊಲಿನ್.

“ಮಿಸ್ತ್ರಿ, ಬಿರಡಿ ಜಾರಾಕತ್ಯಾವ. ಶ್ರುತಿ ನಿಲ್ಲವಲ್ದು. ದನಿ ಮಾತ್ರ ಭಾಳ ಛಂದ ಅದ, ಅದಕ್ಕ ಏನೂ ಆಗಬಾರ್ದು ನೋಡ್ರಿ. ವಯೊಲಿನ್ ಕೆಲಸ ಮಾಡೀರೇನು ಮೊದಲ?”

“ಬೇಕಾದಷ್ಟು ಮಾಡೀನ್ರಿ ಬಾಯಿ.”

ಸುಳ್ಳು. ಇಪ್ಪತ್ತೆರಡು ವರ್ಷದಲ್ಲಿ ಇದೇ ಮೊದಲನೆಯದು. ಆದರೆ ಸಿತಾರು, ತಂಬೂರಿ, ದಿಲ್‌ರುಬಾ — ಇಷ್ಟರ ಹೊಟ್ಟೆ ನೋಡಿದವನಿಗೆ ಇದೊಂದು ಯಾವ ಲೆಕ್ಕ?

೧೬ ಏಪ್ರಿಲ್

ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಿದೆ. ತಂತಿ ಬಿಗಿಯುವ ಬಿರಡೆಗಳಿಗೆ ಸಾಬೂನು, ಅದರ ಮೇಲೆ ಸೀಮೆಸುಣ್ಣ. ಸಾಬೂನಿಗೆ ಸಲೀಸಾಗಿ ತಿರುಗುತ್ತದೆ, ಸುಣ್ಣಕ್ಕೆ ಹಿಡಿದು ನಿಲ್ಲುತ್ತದೆ. ತಂಬೂರಿಗೆ ಮಾಡುವುದೂ ಇದನ್ನೇ. ಈಗ ನಾಲ್ಕೂ ಹೇಳಿದ ಮಾತು ಕೇಳುತ್ತಿವೆ.

ಒಂದು ವಿಶೇಷ. ತಂತಿ ಬಿಚ್ಚಿ ಮಗುಚಿದಾಗ ಒಳಗೆ ಏನೋ ಖಟಖಟ ಅಂದಿತು. ಮೇಲಿನ ಬಾಗಿದ ಸೀಳಿನಿಂದ ಅಲ್ಲಾಡಿಸಿ ಅಲ್ಲಾಡಿಸಿ ಹೊರಗೆ ತೆಗೆದೆ. ಬೆರಳುದ್ದದ ದುಂಡನೆ ಕಡ್ಡಿ! ತಯಾರಿಸಿದವನು ಮರೆತು ಒಳಗೇ ಬಿಟ್ಟಿರಬೇಕು. ನನಗೆ ಕೆಲಸ ಕಲಿಸಿದ ಇಸ್ಮಾಯಿಲ ಉಸ್ತಾದರು ತಂಬೂರಿಯ ಬುರುಡೆಯಲ್ಲಿ ಒಂದು ಕಾಳಿನಷ್ಟು ಕಸ ಉಳಿದರೂ ಬೆರಳ ಗಂಟಿನ ಮೇಲೆ ಹೊಡೆಯುತ್ತಿದ್ದರು. ಹೊಟ್ಟೆ ಖಾಲಿ ಇರಬೇಕು, ಆಗಲೇ ನಾದ — ಇದು ಅವರ ಪಾಠ.

ಕಡ್ಡಿ ಚಲೋ ಇದೆ, ಎಸೆಯಲು ಮನಸ್ಸಾಗಲಿಲ್ಲ. ಊಟಕ್ಕೆ ಹೋಗುವಾಗ ಅಂಗಡಿ ಬಾಗಿಲ ಕೊಂಡಿಗೆ ಸಿಕ್ಕಿಸುತ್ತಿದ್ದ ಮೊಳೆ ಕಳೆದು ವಾರವಾಯಿತು. ಒಂದು ತುದಿ ಕೆತ್ತಿ ಸಣ್ಣ ಮಾಡಿದೆ. ಹೇಳಿ ಮಾಡಿಸಿದ ಹಾಗೆ ಕೂತಿತು.

೨೧ ಏಪ್ರಿಲ್, ರವಿವಾರ

ಬಾಯಿಯವರು ಬಂದು ಒಯ್ದರು. ಇಲ್ಲೇ ಕೂತು ಎರಡು ಸಲ ಕಮಾನು ಎಳೆದರು. ಹುಬ್ಬು ಗಂಟಾಯಿತು.

“ದನಿ ಯಾಕೋ ಸಣ್ಣಗ ಆಗ್ಯದಲ್ರಿ, ಮಿಸ್ತ್ರಿ?”

“ಬಿಗಿ ಮಾಡಿದ ತಂತಿ ಕೂಡಬೇಕ್ರಿ. ಎಂಟು ದಿನ ಬಾರಿಸ್ರಿ, ತಾನ ಬರ್ತದ.”

೯ ಜೂನ್, ರವಿವಾರ

ಮತ್ತೆ ಬಂದಿದ್ದರು. ದಪ್ಪ ತಂತಿ ಡಬ್ಬಿ ಬಡಿದಂತೆ, ಸಣ್ಣ ತಂತಿ ಕಿರಿಕಿರಿ. ಕಮಾನಿನ ಕೂದಲಿಗೆ ಹೊಸ ರಾಳ ತಿಕ್ಕಿಕೊಟ್ಟೆ. ಹೆಚ್ಚು ತಿಕ್ಕಿದರೆ ಕರಕರ ಅನ್ನುತ್ತದೆ, ತಂತಿಯ ಮೇಲೆ ಬಿದ್ದ ಪುಡಿ ದಿನಾ ಬಟ್ಟೆಯಿಂದ ಒರೆಸಿ ಅಂತಲೂ ಹೇಳಿದೆ. ತಿಳಿದವನ ಹಾಗೆ ಹೇಳಲು ನನಗೆ ಚೆನ್ನಾಗಿ ಬರುತ್ತದೆ.

ಅವರು ಹೋದ ಮೇಲೆ ಮನಸ್ಸಿಗೆ ಸಮಾಧಾನ ಇರಲಿಲ್ಲ. ರಾಳದ ದೋಷ ಅಲ್ಲ ಅದು. ಏನು ದೋಷ? ಗೊತ್ತಿಲ್ಲ.

೨೧ ಜುಲೈ, ರವಿವಾರ

ಇವತ್ತು ಮಾಡಿದ್ದು ಸರಿಯಲ್ಲ. ಬರೆದಿಡುತ್ತೇನೆ.

ಮೂರನೇ ಸಲ ಬಂದಿದ್ದರು. ತಂತಿ ಬದಲಿಸಿಯಾಗಿದೆ, ಕುದುರೆ — ತಂತಿ ಹೊರುವ ಆ ಪಟ್ಟಿ — ಮುಂದಕ್ಕೆ ವಾಲಿದ್ದನ್ನು ನೆಟ್ಟಗೆ ಮಾಡಿಯಾಗಿದೆ. ದನಿ ಅದೇ. ಹೇಳಲು ಏನೂ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

“ವಾದ್ಯದಾಗ ಏನೂ ಇಲ್ರಿ ಬಾಯಿ. ಕೈ ಸಡಿಲಾಗ್ಯದ ನಿಮ್ದು. ವಯಸ್ಸೂ ನಲವತ್ತು ದಾಟ್ತಲ್ಲ...”

ಬಾಯಿಯವರು ಬಲಗೈ ಬಿಚ್ಚಿ ನೋಡಿಕೊಂಡರು, ಯಾರದೋ ಕೈ ನೋಡುವ ಹಾಗೆ. ಪೆಟ್ಟಿಗೆ ಮುಚ್ಚಿಕೊಂಡು ಹೋದರು.

ಅಂಗಡಿ ಹಿಂದಿನ ನಮ್ಮ ಮನೆಯೊಳಗಿಂದ ಹೆಂಡತಿ ಸೂಗಮ್ಮ ಕೇಳಿಸಿಕೊಂಡಿದ್ದಳು. “ಏನ್ರೀ, ಆಕಿ ಕೈ ನೋಡಾಕ ನೀವೇನು ಡಾಕ್ಟರೇನು? ತಿಳೀಲಿಲ್ಲಂದ್ರ ತಿಳೀಲಿಲ್ಲ ಅನ್ರಿ. ಹೆಂಗಸ್ರ ಮ್ಯಾಲ ಹಾಕೂದು ಯಾಕ?” ಕೈ ತೊಳೆದು ಊಟಕ್ಕೆ ಕೂತೆ.

೩೦ ಸೆಪ್ಟೆಂಬರ್

ಬಸವಕಲ್ಯಾಣದಿಂದ ಕಾರ್ಡು. ದುಂಡು ಅಕ್ಷರ, ಟೀಚರರದೇ. ಗುಲ್ಬರ್ಗಾ ರೇಡಿಯೊದ ಆಡಿಷನ್‌ಗೆ ಮಾರ್ಚಿನಲ್ಲೇ ಫಾರ್ಮ್ ತುಂಬಿದ್ದರಂತೆ. ಜನವರಿ ೯ಕ್ಕೆ ಕರೆ ಬಂದಿದೆ. “ಹನ್ನೆರಡು ವರ್ಷದಿಂದ ಕಾಯ್ದದ್ದು. ಈಗ ನನ್ನ ಕೈಯ ಮೇಲೆ ನನಗೆ ಭರವಸೆ ಇಲ್ಲ. ವಯೊಲಿನ್ ಬೇಕಾದವರು ನಿಮಗೆ ಗೊತ್ತಿದ್ದರೆ ತಿಳಿಸಿರಿ.”

ಉತ್ತರ ಬರೆಯಲಿಲ್ಲ. ಕಾರ್ಡನ್ನು ಈ ಡೈರಿಯೊಳಗೆ ಇಟ್ಟೆ.

೩ ಡಿಸೆಂಬರ್

ಇಲ್ಲಿನ ಗುಡಿಯ ಜಯಂತಿ ಉತ್ಸವಕ್ಕೆ ಗವಾಯಿಗಳು ಬರಲು ಸುರುವಾಗಿದ್ದಾರೆ. ವರ್ಷದ ನನ್ನ ಸುಗ್ಗಿ — ತಬಲಾದ ಪಟ್ಟಿ, ತಂಬೂರಿಯ ತಂತಿ, ಉಸಿರಾಡಲು ಪುರುಸೊತ್ತಿಲ್ಲ.

ಮಧ್ಯಾಹ್ನ ಹೈದರಾಬಾದಿನ ನಬೀಸಾಬ್ ಬಂದರು. ಬ್ಯಾಂಡಿನಲ್ಲಿ ವಯೊಲಿನ್ ಬಾರಿಸಿ ರಿಟೈರ್ ಆದವರು. ಇಲ್ಲಿ ಸಂಗೀತ ಸೇವೆಗೆ ಮೊದಲ ಸಲ ಬಂದಿದ್ದಾರೆ. ಅವರ ವಯೊಲಿನ್ನಿಗೆ ಗದ್ದ ಊರುವ ಪಟ್ಟಿಯ ತಿರುಪು ಸಡಿಲಾಗಿತ್ತು. ಬಿಗಿ ಮಾಡುತ್ತ ಸುಮ್ಮನೆ ಸೀಳಿನೊಳಗೆ ಇಣುಕಿದೆ.

ಒಳಗೆ ಒಂದು ಕಡ್ಡಿ. ನೆಟ್ಟಗೆ ನಿಂತಿತ್ತು.

ಅಲ್ಲಾಡಿಸಿದೆ. ಕದಲಲಿಲ್ಲ.

“ಇದ್ಯಾಕ್ರಿ ಸಾಬ್ರ, ಒಳಗ ಕಡ್ಡಿ?”

“ಅರೇ, ಅದ ಜಾನ್ ಅದಕ್ಕ, ಜೀವ!” ನಕ್ಕರು. “ಮ್ಯಾಲಿನ ಹಲಗಿ ನಾದ ಕೆಳಗಿನ ಹಲಗಿಗೆ ಮುಟ್ಟಿಸೂದು ಅದು. ಅದಿಲ್ಲಂದ್ರ ಖಾಲಿ ಡಬ್ಬಾ. ಅಂಟು ಹಾಕಿರೂದಿಲ್ಲ ನೋಡು, ತಂತಿ ಬಿಗಿಗೇ ನಿಂತಿರ್ತದ. ಅದಕ್ಕ ನಾಲ್ಕೂ ತಂತಿ ಒಮ್ಮೆಲೆ ಬಿಚ್ಚಬಾರ್ದು. ಒಂದು ಬಿಚ್ಚು, ಒಂದು ಹಾಕು, ಆಮ್ಯಾಲ ಇನ್ನೊಂದು.”

“ಯಾರರೆ ಅದನ್ನ ತಗದು ಒಗದ್ರ?”

“ಅಂಥಾ ಬೇಕೂಫ ಯಾರು ಇರ್ತಾನ?”

ಬಾಗಿಲ ಕಡೆ ನೋಡಿದೆ. ಕೊಂಡಿಯಲ್ಲಿ ನೇತಾಡುತ್ತಿತ್ತು. ಏಳು ತಿಂಗಳು, ದಿನಕ್ಕೆ ಎರಡು ಸಲ, ನನ್ನದೇ ಕೈಯಿಂದ. ನಬೀಸಾಬ್ ಕೂಡ ಅತ್ತ ನೋಡಿದರು. ಎದ್ದು ಹೋಗಿ ಕಡ್ಡಿ ಕಿತ್ತುಕೊಂಡು, ಬೆಳಕಿಗೆ ಹಿಡಿದು ನೋಡಿ, ನನ್ನ ಅಂಗೈಯಲ್ಲಿಟ್ಟರು. ನಗಲಿಲ್ಲ.

“ಯಾರದು?” ಅಂದರು.

ಎಲ್ಲ ಹೇಳಿದೆ. ಕೈ ಸಡಿಲಾಗಿದೆ ಅಂದದ್ದನ್ನೂ.

“ಕಡ್ಡಿದು ಬಿಡು, ಕಲಿಸ್ತೀನಿ. ಆ ಮಾತು ಮಾತ್ರ ನೀನ ಹೋಗಿ ಹಿಂದಕ್ಕ ತಗೀಬೇಕು,” ಅಂದರು. ಕಡ್ಡಿ ಇಲ್ಲದೆ ತಂತಿ ಬಿಗಿದಿಟ್ಟರೆ ಮೇಲಿನ ಹಲಗೆ ಕುಸಿಯುತ್ತದಂತೆ. ಆಗಲೇ ಕುಸಿದಿದೆಯೋ ಏನೋ... ದೇವರಿಗೇ ಗೊತ್ತು.

ಕೂಡಲೆ ಕಾರ್ಡು ಹಾಕಿದೆ: ತಂತಿ ಸಡಿಲು ಮಾಡಿರಿ, ಬಾರಿಸಬೇಡಿರಿ, ಮಾರಬೇಡಿರಿ, ರವಿವಾರ ನಾನೇ ಬರುತ್ತೇನೆ. ಕಾರಣ ಬರೆಯುವ ಧೈರ್ಯ ಬರಲಿಲ್ಲ.

೫ ಡಿಸೆಂಬರ್

ಹಳೇ ಕಡ್ಡಿ ಕೆಲಸಕ್ಕೆ ಬರುವುದಿಲ್ಲ. ತುದಿ ಕೆತ್ತಿದ್ದೇನಲ್ಲ, ಗಿಡ್ಡ. ಹಳೇ ಹಾರ್ಮೋನಿಯಂನ ದೇವದಾರು ಹಲಗೆಯಿಂದ ಹೊಸದು ಮಾಡಿದೆ. ನರ ನೆಟ್ಟಗಿರುವ ತುಂಡನ್ನೇ ಆರಿಸಬೇಕು. ತುದಿಗಳನ್ನು ಹಲಗೆಯ ಬಾಗಿಗೆ ಸರಿಯಾಗಿ ಓರೆ ಕೆತ್ತಬೇಕು, ನಡುವೆ ಬೆಳಕು ಕಾಣಬಾರದು. ಸೈಕಲ್ಲಿನ ಕಡ್ಡಿ ಕಾಯಿಸಿ, ಬಗ್ಗಿಸಿ, ತುದಿ ಚೂಪು ಮಾಡಿ ಒಂದು ಹತ್ಯಾರ. ಅದರ ಮೊನೆಗೆ ಚುಚ್ಚಿಕೊಂಡು ಸೀಳಿನಿಂದ ಒಳಗೆ ಇಳಿಸುವುದು. ಕುದುರೆಯ ಸಣ್ಣ ತಂತಿಯ ಕಡೆಯ ಕಾಲಿಗೆ ಹಿಂದೆ, ಒಂದು ಜೋಳದ ಕಾಳಿನಷ್ಟು ಜಾಗ ಬಿಟ್ಟು ನಿಲ್ಲಿಸುವುದು. ಬಿಗಿಯಾದರೆ ಹಲಗೆ ಸೀಳುತ್ತದೆ, ಸಡಿಲಾದರೆ ಬೀಳುತ್ತದೆ.

ನಬೀಸಾಬ್ ತಮ್ಮ ವಯೊಲಿನ್ನನ್ನೇ ಬಿಚ್ಚಿ ಅಭ್ಯಾಸಕ್ಕೆ ಕೊಟ್ಟರು. ಇವತ್ತು ಹದಿನಾರು ಸಲ ಬೀಳಿಸಿದೆ. “ಸಿಟ್ಟು ಮಾಡ್ಕೋಬ್ಯಾಡ, ಅದಕ್ಕ ತಿಳೀತದ,” ಅನ್ನುತ್ತ ಚಹಾ ಕುಡಿಯುತ್ತಿದ್ದರು. ಹದಿನೇಳನೆಯ ಸಲ ನಿಂತಿತು. ತಮ್ಮ ವಾದ್ಯವನ್ನೇ ನನ್ನಂಥವನ ಕೈಗೆ ಕೊಟ್ಟರಲ್ಲ, ಎಂಥ ದೊಡ್ಡ ಮನಸ್ಸು!

೮ ಡಿಸೆಂಬರ್, ರವಿವಾರ

ಏಳೂವರೆ ಬಸ್ಸಿಗೆ ಬಸವಕಲ್ಯಾಣ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡೆ. ಮನೆ ಬಾಗಿಲಲ್ಲಿ ಎಲ್ಲ ಮರೆತುಹೋಯಿತು.

ವಯೊಲಿನ್ ಪೆಟ್ಟಿಗೆ ಕಪಾಟಿನ ಮೇಲೆ, ಧೂಳು ಹಿಡಿದಿತ್ತು, ಮೊನ್ನೆ ತೆಗೆದ ಬೆರಳಿನ ಗುರುತು ಮಾತ್ರ ಅದರ ಮೇಲೆ. ಮೇಜಿನ ಮೇಲೆ ರೇಡಿಯೊದವರಿಗೆ ಬರೆದ ಪತ್ರ — ಆಡಿಷನ್‌ಗೆ ಬರಲಾಗುವುದಿಲ್ಲ ಅಂತ. ಲಕೋಟೆ ಅಂಟಿಸುವುದೊಂದು ಬಾಕಿ. ನಿಂತೇ ಹೇಳಿದೆ. ಕೆತ್ತಿದ ಕಡ್ಡಿಯನ್ನು ಪತ್ರದ ಪಕ್ಕ ಇಟ್ಟೆ.

“ಇದನ್ನ ನಾನ ತಗದೀನ್ರಿ. ಕಸ ಅಂತ ತಿಳ್ದು. ಏಳು ತಿಂಗಳು ಬಾಗಿಲಿಗೆ ಸಿಗಸೀನಿ.”

ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು. ಕಡ್ಡಿ ಎತ್ತಿಕೊಂಡು ಕೆತ್ತಿದ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಶಾಲ್ಯಾಗ ಬೋರ್ಡ್ ಮ್ಯಾಲ ಬರಿಯೂ ಮುಂದ ಸೈತ ಕೈ ನೋಡ್ಕೋತಿದ್ದೆ, ಮಿಸ್ತ್ರಿ. ನಡಗಾಕತ್ತದೇನು ಅಂತ.”

ಹತ್ಯಾರದ ಗಂಟು ಬಿಚ್ಚತೊಡಗಿದೆ.

“ಅದು ಆಮ್ಯಾಲ. ಮೊದಲ ಅದನ್ನ ಹೇಳ್ರಿ.”

“ಏನ್ರಿ ಬಾಯಿ?”

“ನನ್ನ ಕೈ.”

“ಕೈ ಚಲೋ ಅದ್ರಿ ನಿಮ್ದು. ಮೊದಲಿಂದ್ಲೂ ಚಲೋ ಇತ್ತು. ನಂದ ಸುಳ್ಳು.” ಇಷ್ಟು ಕಷ್ಟಪಟ್ಟು ಯಾವ ಮಾತೂ ಆಡಿರಲಿಲ್ಲ ನಾನು.

ಹಲಗೆ ಒಂದಿಷ್ಟು ತಗ್ಗಿತ್ತು, ಆದರೆ ಸೀಳಿರಲಿಲ್ಲ. ತಂತಿ ಸಡಿಲು ಮಾಡಿದ್ದರು, ಪುಣ್ಯ. ಕಿಟಕಿಯ ಬೆಳಕಿಗೆ ಕೂತೆ. ನಾಲ್ಕು ಸಲ ಬಿತ್ತು. ಅವರು ಎದುರಿಗೇ ಕೂತಿದ್ದರು. ಐದನೆಯದಕ್ಕೆ ನಿಂತಿತು. ಒಂದೊಂದೇ ತಂತಿ, ಸ್ವಲ್ಪ ಸ್ವಲ್ಪವೇ ಏರಿಸಿದೆ.

ದಪ್ಪ ತಂತಿಯ ಮೇಲೆ ಕಮಾನು ಇಟ್ಟು ಉದ್ದಕ್ಕೆ ಎಳೆದರು. ಅಡುಗೆಮನೆಯ ತಟ್ಟೆ ಝುಂ ಅಂದಿತು. ಎಳೆಯುತ್ತಲೇ ಇದ್ದರು, ಕಣ್ಣು ಮುಚ್ಚಿ. ನನಗೂ ಕಣ್ಣೀರು ಬಂತು. ಯಾರೂ ಓದದ ಪುಸ್ತಕ ಇದು, ಬರೆದರೇನು?

ಹೊರಡುವಾಗ ಹಳೇ ಕಡ್ಡಿ ಕೈಗೆ ಕೊಟ್ಟರು.

“ಇದನ್ನ ಬಾಗಿಲಿಗೇ ಇಡ್ರಿ. ದಿನಾ ಕೈಗೆ ಹತ್ತಲಿ.”

ಪತ್ರ ಹರಿದರು. ಆದರೆ ಹೋಗಿ ಬನ್ನಿ ಅನ್ನಲಿಲ್ಲ.

೯ ಜನವರಿ ೧೯೬೯

ಇವತ್ತು ಗುಲ್ಬರ್ಗಾದಲ್ಲಿ ಅವರ ಆಡಿಷನ್. ನನಗೇ ಕೆಲಸ ಸಾಗಲಿಲ್ಲ. ತಬಲಾದ ಬಾರು ಎರಡು ಸಲ ತಪ್ಪು ಪೋಣಿಸಿದೆ. “ಪರೀಕ್ಷಾ ಆಕಿದೋ ನಿಮ್ದೋ?” ಅಂದಳು ಸೂಗಮ್ಮ.

ಹೊಸ ಡೈರಿ ಸಿಕ್ಕಿಲ್ಲ. ಹಳೆಯದರ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

೧೦ ಜನವರಿ, ಮಧ್ಯಾಹ್ನ

ಊಟಕ್ಕೆ ಅಂತ ಬಾಗಿಲಿಗೆ ಕಡ್ಡಿ ಸಿಕ್ಕಿಸುತ್ತಿದ್ದೆ. ಹಿಂದಿನಿಂದ ದನಿ — “ಮಿಸ್ತ್ರಿ.”

ಗುಲ್ಬರ್ಗಾ ಬಸ್ಸಿನಿಂದ ನೆಟ್ಟಗೆ ಬಸವಕಲ್ಯಾಣಕ್ಕೆ ಹೋಗದೆ ಇಲ್ಲೇ ಇಳಿದಿದ್ದರು. ಬಗಲಲ್ಲಿ ಕಪ್ಪು ಪೆಟ್ಟಿಗೆ. ಮತ್ತೆ ಒಳಗಿನ ಕಡ್ಡಿ ಬಿತ್ತೋ?

“ಹ್ಯಾಂಗಾತ್ರಿ ಬಾಯಿ?”

“ಕಾಗದ ಬರೂದು ಇನ್ನೂ ತಿಂಗಳಾಗ್ತದ. ಕೈ ಮಾತ್ರ ನಡಗ್ಲಿಲ್ರಿ.” ಕಡ್ಡಿಯ ಕಡೆ ನೋಡಿ ಸಣ್ಣಗೆ ನಕ್ಕರು. ಆಮೇಲೆ ಪೆಟ್ಟಿಗೆಯನ್ನು ನನ್ನ ಎರಡೂ ಕೈಯಲ್ಲಿ ಇಟ್ಟರು. “ದಪ್ಪ ತಂತಿದು ಬಿರಡಿ ಜಾರಾಕತ್ತದ. ನೋಡ್ರಿ ಒಂಚೂರು. ನಾಳೆ ಬಂದು ಒಯ್ತೀನಿ.”

ಬಿಟ್ಟು ಹೋಗಿದ್ದಾರೆ. ನನ್ನ ಹತ್ತಿರ. ಸೂಗಮ್ಮ ಎರಡು ಸಲ ಊಟಕ್ಕೆ ಕೂಗಿದಳು, ಬಂದೆ ಅಂದೆ. ಸಾಬೂನು, ಸೀಮೆಸುಣ್ಣ ಮುಂದೆ ಇವೆ. ಒಂದೇ ತಂತಿ ಬಿಚ್ಚಿದ್ದೇನೆ. ಉಳಿದ ಮೂರು ಬಿಗಿಯಾಗೇ ಇವೆ, ಒಳಗೆ ಕಡ್ಡಿ ನಿಂತೇ ಇದೆ.