ಹೆಪ್ಪುಗಟ್ಟಿದ ಕಕ್ಕಸಿನ ಪೈಪು

ಜನವರಿ ೨೩, ಗುರುವಾರ. ಸೊನ್ನೆಗಿಂತ ಮೂವತ್ತು ಕೆಳಗೆ, ಮೇಲೆ ಸರೋವರದ ಗಾಳಿ.

ಸೆಪ್ಟಿಕ್ ಟ್ಯಾಂಕಿಗೆ ಹೋಗುವ ಪೈಪು ನೆಲದಡಿ ಹೆಪ್ಪುಗಟ್ಟಿ ಐದು ದಿನ. ಹೊರಗಿನ ಹಳೇ ಕಕ್ಕಸೇ ಗತಿ. ಅದರ ಸೀಟನ್ನು ಒಲೆ ಪಕ್ಕ ಬೆಚ್ಚಗಿಟ್ಟು, ಅವಸರವಾದಾಗ ಕಂಕುಳಲ್ಲಿಟ್ಟುಕೊಂಡು ಹಿಮದಲ್ಲಿ ಓಡಬೇಕು. ಓಡಿದಾಗಲೆಲ್ಲ ನನ್ನ ಗಂಡ ಉರ್ಹೋನನ್ನು ಬೈದೆ: "ಸೌನಾ ಹಬೆಸ್ನಾನದ ಮನೆಗೆ ದಾರಿ ಮಾಡ್ತೀನಿ ಅಂತ ಪೈಪಿನ ಮೇಲಿನ ಹಿಮ ಎಲ್ಲಾ ಬಾಚಿ ಹಾಕಿದ್ಯಲ್ಲ! ಹೊದಿಕೆ ಕಿತ್ಕೊಂಡ್ರೆ ಅದಕ್ಕೆ ಚಳಿ ಆಗಲ್ವಾ?"

ಇವತ್ತು ಪೈಪು ರಿಪೇರಿಯ ವೆರ್ಲಿನ್ ಬಂದು ಬಿಸಿನೀರು ಹಾಯಿಸಿ ಬಿಡಿಸಿದ. ಉರ್ಹೋ ದನಗಳಿಗೆ ಹುಲ್ಲು ಹಾಕಲು ಹೋಗಿದ್ದ. ನನ್ನೊಬ್ಬಳಿಗೇ ವೆರ್ಲಿನ್ ಹೇಳಿದ: "ಹಿಮ ಬಾಚಿದ್ದಕ್ಕಲ್ಲ ಕಣಕ್ಕಾ. ಯಾರೋ ರಾತ್ರಿ ನಲ್ಲಿ ಸಣ್ಣಗೆ ಬಿಡ್ತಾರೆ. ಹನಿಹನಿ ಹೋದ ನೀರು ಪೈಪಲ್ಲೇ ಕಲ್ಲಾಗುತ್ತೆ."

ಬಿಡುವವಳು ನಾನೇ. ನೀರು ಬರುವ ಪೈಪು ಹೆಪ್ಪುಗಟ್ಟದಿರಲೆಂದು, ಅಮ್ಮ ಕಲಿಸಿದ ಹಾಗೆ.

ಊಟಕ್ಕೆ ಕೂತಾಗ ಉರ್ಹೋ, "ತಪ್ಪಾಯ್ತು ಮಾರಾಯ್ತಿ, ಇನ್ಮೇಲೆ ಆ ಹಿಮ ಮುಟ್ಟಲ್ಲ" ಅಂದ. ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಈಗ ಮಲಗಲು ಬಂದವನು ಹೇಳುತ್ತಾನೆ: "ನೀನು ಮಾಡೋ ಹಾಗೇ ನಲ್ಲಿ ಸಣ್ಣಗೆ ಬಿಟ್ಟು ಬಂದಿದೀನಿ. ನಿಶ್ಚಿಂತೆಯಾಗಿ ಮಲಗು."

ಟಪ್, ಟಪ್. ಮೆಲ್ಲಗೆ ಹೋಗಿ ನಿಲ್ಲಿಸೋಣವೆಂದರೆ ಇವನಿಗೆ ನಿದ್ದೆಯೇ ಬರುತ್ತಿಲ್ಲ.