ಆರನೆಯ ಗುಂಡು

ಮೇ 11, 1971
ಬೇಲಿ ಹತ್ರ ಮತ್ತೊಂದು ಕರು ಹೋಯ್ತು. ಕರಡಿನೇ. ನನ್ನ ಗಂಡ ಕ್ಲೀಟ್‌ಗೆ ರೈಫಲ್ ಅಡ್ಡ ಬರುತ್ತಂತೆ. ಬರಿಗೈಲಿ ಕುದುರೆ ಹತ್ತಿ ಹೋಗ್ತಾನೆ, ಮೊಂಡ. ಶನಿವಾರ ಪೇಟೆಗೆ ಎಳ್ಕೊಂಡು ಹೋಗ್ತೀನಿ.

ಮೇ 15
ಅಮ್ಡಾಲ್ ಮುದುಕನ ಬಂದೂಕಿನಂಗಡಿ. ಎರಡು ಗಂಟೆ! ಹೆಣ್ಣು ನೋಡೋಕೆ ಬಂದವನ ಹಾಗೆ ಒಂದೊಂದನ್ನೂ ನೋಡಿದ ಕ್ಲೀಟ್. ನನ್ನನ್ನೂ ಅಷ್ಟು ನೋಡಿರಲಿಲ್ಲ.

ಕೊನೆಗೆ ತಗೊಂಡಿದ್ದು ಹಳೇ ಮಾದರಿ ರಿವಾಲ್ವರ್, ನಲವತ್ತೈದರ ಗುಂಡಿನದು. ಗುಂಡಿಗೆ ಬಡಿಯೋ ಪುಟ್ಟ ಸುತ್ತಿಗೇನ ಪ್ರತಿ ಸಲ ಹೆಬ್ಬೆರಳಿಂದ ಹಿಂದಕ್ಕೆ ಎಳೆದೇ ಹೊಡೀಬೇಕು.

"ಇನ್ನೂ ಜೋರಿಂದು, ಮ್ಯಾಗ್ನಮ್ ಬೇಡ್ವಾ?" ಅಂದೆ.

"ಅದರ ಒದೆತಕ್ಕೆ ಎರಡನೇ ಗುಂಡು ಆಕಾಶಕ್ಕೆ ಹೋಗುತ್ತೆ ತಾಯಿ," ಅಂದ ಮುದುಕ. ಟೊಳ್ಳು ತುದಿಯ ಗುಂಡೂ ಬೇಡವಂತೆ, ಕರಡಿ ಕೊಬ್ಬಲ್ಲೇ ಅರಳಿ ನಿಲ್ಲುತ್ತೆ. ಗಟ್ಟಿ ಸೀಸದ ಚಪ್ಪಟೆ ಮೂತಿಯದೇ ಮೂಳೆ ಸೀಳೋದು.

"ಗುಂಡಿಗೆ ಆರು ಗೂಡಿದ್ರೂ ಐದೇ ತುಂಬು. ಸುತ್ತಿಗೆ ಕೆಳಗಿಂದು ಖಾಲಿ ಇರ್ಲಿ. ಸುತ್ತಿಗೆಗೆ ಪೆಟ್ಟು ಬಿದ್ರೆ ಗುಂಡು ತಾನೇ ಹಾರುತ್ತೆ," ಅಂದ ಕ್ಲೀಟ್‌ಗೆ.

"ನಂಗೇ ಪಾಠನಾ? ನಮ್ಮಪ್ಪ ಹೊಡೆದು ಕಲಿಸಿದ್ದಾನೆ," ಕ್ಲೀಟ್ ನಕ್ಕ.

ನಂಗೆ ಮಾತ್ರ ಸಮಾಧಾನ ಇಲ್ಲ. ಐದಕ್ಕೆ ಕರಡಿ ಬೀಳದಿದ್ರೆ?

ಮೇ 19, ಬೆಳಿಗ್ಗೆ
ಕೆಸರಲ್ಲಿ ಕರಡಿ ಹೆಜ್ಜೆ, ತಟ್ಟೆಯಗಲ. ಕ್ಲೀಟ್ ಕಾಫಿ ಕುಡೀತಿದ್ದ. ರಿವಾಲ್ವರ್ ಸಮೇತ ಸೊಂಟಪಟ್ಟಿ ಗೂಟದಲ್ಲಿತ್ತು. ಖಾಲಿ ಗೂಡಿಗೂ ಒಂದು ಗುಂಡು ತುಂಬಿಟ್ಟೆ. ಹೇಳಿದ್ರೆ ಬೈತಾನೆ. ಈಗ ಜೀವಕ್ಕೆ ನೆಮ್ಮದಿ.

ಮೇ 24
ಅವತ್ತು ಮೇಲಿನ ಸಾಲು ಬರೆದು ಪೆನ್ ಮುಚ್ಚಿದ್ದೆ ಅಷ್ಟೇ... ಅಂಗಳದಲ್ಲಿ ಢಂ.

ಜೀನಿನ ಪಟ್ಟಿ ಬಿಗಿಯೋಕೆ ಕಾಲಿಡೋ ರಿಕಾಪನ್ನ ಎತ್ತಿ ಜೀನಿನ ಕೊಂಬಿಗೆ ಸಿಕ್ಕಿಸ್ತಾನಲ್ಲ, ದಿನಾ ಮಾಡೋದೇ. ಜಾರ್ತು. ನೇರ ಸೊಂಟದಲ್ಲಿದ್ದ ರಿವಾಲ್ವರ್ ಸುತ್ತಿಗೆ ಮೇಲೆ ಬಿತ್ತು. ಮೂಳೆ ಸೀಳುತ್ತೆ ಅಂತಲೇ ಆ ಗುಂಡು ಆರಿಸಿದ್ದು. ಅವನ ಕಾಲನ್ನೇ ಸೀಳಿತು. ಆಸ್ಪತ್ರೇಲಿ ಮಂಡಿ ಮೇಲಿಂದ ಕಾಲು ತೆಗೆದ್ರು.

ಅಯ್ಯೋ ದೇವ್ರೇ, ಯಾಕೆ ಮುಟ್ಟಿದೆ ನಾನು!

ಮೇ 27, ಆಸ್ಪತ್ರೆ
ಅಮ್ಡಾಲ್ ಬಂದಿದ್ದ. "ಐದು ಅಂದಿದ್ನಲ್ಲೋ!"

"ಮರೆತೆ ಕಣಯ್ಯಾ. ಆರೂ ತುಂಬಿಬಿಟ್ಟೆ," ಅಂದ ಕ್ಲೀಟ್, ಗೋಡೆ ನೋಡ್ತಾ.

ಹುಟ್ಟಿದಾಗಿಂದ ಐದೇ ತುಂಬಿದ ಮನುಷ್ಯ. ಮುದುಕ ಹೋದ್ಮೇಲೆ ನನ್ನ ಕೈ ಹಿಡ್ಕೊಂಡ. "ವರ್ನಾ, ಊರಿಗೆ ಅಷ್ಟು ಗೊತ್ತಾದ್ರೆ ಸಾಕು ಕಣೇ."

ಗೊತ್ತು ಅವನಿಗೆ. ಬಿದ್ದ ಕ್ಷಣದಿಂದ್ಲೇ ಗೊತ್ತು. ಒಂದ್ಸಲ ಬೈಬಾರ್ದಾ?

ಮೇ 29
ಗುಳಿಗೆ ತರೋಕೆ ಪೇಟೆಗೆ ಹೋದೆ. ಅಮ್ಡಾಲ್ ಅಂಗಡಿ ಬಾಗಿಲು ತೆರೆದಿತ್ತು, ಒಳಗೆ ಏಳೆಂಟು ಜನ. "ಐದು ಎಣಿಸೋಕೆ ಬರದವನು ದನ ಹೇಗೆ ಎಣಿಸ್ತಾನೋ!" ಅಂದ ಒಬ್ಬ. ಎಲ್ರೂ ಕ್ಲೀಟ್‌ನ ನೆನೆದು ನಗ್ತಿದ್ರು. ನನ್ನ ನೋಡಿ ಬಾಯಿ ಮುಚ್ಕೊಂಡ್ರು. ಹೊಸಿಲಲ್ಲೇ ನಿಂತೆ. "ಅವನು ಐದೇ ತುಂಬಿದ್ದ," ಅಂದೆ. "ಆರನೇದು ತುಂಬಿದ್ದು ನಾನು."